ಒಂದೇ ಕೋಷ್ಟಕ, ಮೂರು ವಿಜೇತರು: ಕಾರ್ಖಾನೆಯ ನಿರ್ಧಾರಕ್ಕೆ ಯಾವ ಮಾದರಿ?

ಸುಸ್ಥಿರ ಉತ್ಪಾದನೆಯ ಮಾತು ಬಂದಾಗಲೆಲ್ಲ ಹಲವು ಮಾನದಂಡಗಳನ್ನು ತೂಗಿ ಆಯ್ಕೆ ಮಾಡಲು ನೆರವಾಗುವ ಎಎಚ್‌ಪಿ, ಟಾಪ್ಸಿಸ್, ವಿಕೋರ್ ಎಂಬ ಮಾದರಿಗಳ ಹೆಸರುಗಳು ಕಿವಿಗೆ ಬೀಳುತ್ತವೆ. ಸಲಹೆಗಾರರು ಎಕ್ಸೆಲ್ ಹಾಳೆ ತೆರೆದು, ಅಂಕಿಗಳನ್ನು ತುಂಬಿ, ಕೊನೆಗೆ ಒಂದು ಸಾಲಿಗೆ ಹಸಿರು ಬಣ್ಣ ಬಳಿದು "ಇದನ್ನೇ ಮಾಡಿ" ಎನ್ನುತ್ತಾರೆ. ಆ ಹಸಿರು ಸಾಲನ್ನು ನಂಬಿ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವ ಮೊದಲು ಒಂದು ಸಣ್ಣ ಲೆಕ್ಕ ನೋಡಿ.

ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಘಟಕವನ್ನು ತೆಗೆದುಕೊಳ್ಳೋಣ. ಹೊಲಿದು ಬಂದ ಪ್ಯಾಂಟುಗಳನ್ನು ದೊಡ್ಡ ಡ್ರಮ್ಮಿಗೆ ಹಾಕಿ, ಪ್ಯೂಮಿಸ್ ಕಲ್ಲೋ ಕಿಣ್ವವೋ ಬ್ಲೀಚೋ ಸೇರಿಸಿ ತಿರುಗಿಸಿ, ಹೊಸ ಬಟ್ಟೆಗೆ ಹಳೆಯದರ ಕಳೆ ತರುವ ಕೆಲಸ ಅದು. ಹೊರಬರುವ ನೀರು ನೀಲಿ. ಮಾಲೀಕನಿಗೆ ಮೂರು ದಾರಿಗಳಿವೆ. ಮೊದಲನೆಯದು ಕನಿಷ್ಠ ದಾರಿ: ಇರುವ ಯಂತ್ರಗಳನ್ನೇ ಇಟ್ಟುಕೊಂಡು ತ್ಯಾಜ್ಯನೀರಿಗೆ ಒಂದು ಸಾಧಾರಣ ಇಟಿಪಿ (ಶುದ್ಧೀಕರಣ ಘಟಕ) ಕಟ್ಟುವುದು. ಎರಡನೆಯದು ಆರ್‌ಒ ದಾರಿ: ಇಟಿಪಿಯ ಹಿಂದೆ ಆರ್‌ಒ ಘಟಕ ಜೋಡಿಸಿ ನೀರನ್ನು ಮತ್ತೆ ಡ್ರಮ್ಮಿಗೆ ತರುವುದು. ಮೂರನೆಯದು ಲೇಸರ್ ದಾರಿ: ಓಝೋನ್ ಮತ್ತು ಲೇಸರ್ ಯಂತ್ರಗಳನ್ನು ತಂದು ನೀರು, ರಾಸಾಯನಿಕ ಎರಡರ ಬಳಕೆಯನ್ನೂ ಮೂಲದಲ್ಲೇ ತಗ್ಗಿಸಿ, ಚಿಕ್ಕ ಇಟಿಪಿಯಲ್ಲಿ ಮುಗಿಸುವುದು.

ನಾಲ್ಕು ಮಾನದಂಡಗಳಿಗೆ 10ಕ್ಕೆ ಎಷ್ಟೆಂದು ಅಂಕ ಕೊಡೋಣ. ಅಂಕಗಳು ವಿವರಣೆಗಾಗಿ ನಾನೇ ಇಟ್ಟವು, ಯಾವ ಘಟಕದ ಅಳತೆಯೂ ಅಲ್ಲ. ಎಲ್ಲದರಲ್ಲೂ ಹೆಚ್ಚು ಅಂಕ ಎಂದರೆ ಹೆಚ್ಚು ಒಳ್ಳೆಯದು. ಖರ್ಚಿನಲ್ಲಿ ಅಗ್ಗವಾದಷ್ಟೂ ಅಂಕ ಜಾಸ್ತಿ.

| ದಾರಿ | ಖರ್ಚು | ನೀರಿನ ಉಳಿತಾಯ | ಹೊರಬಿಡುವ ನೀರಿನ ಗುಣ | ಕಾರ್ಮಿಕರ ಆರೋಗ್ಯ |
|---|---|---|---|---|
| ಕನಿಷ್ಠ | 9 | 3 | 3 | 4 |
| ಆರ್‌ಒ | 5 | 8 | 6 | 5 |
| ಲೇಸರ್ | 3 | 8 | 8 | 8 |

ಆರ್‌ಒಗೆ ನೀರಿನ ಗುಣದಲ್ಲಿ 6 ಮಾತ್ರ ಏಕೆ? ಆರ್‌ಒ ಉಪ್ಪನ್ನು ನಾಶ ಮಾಡುವುದಿಲ್ಲ, ಒಂದು ಕಡೆ ಗಟ್ಟಿಯಾಗಿ ಕೂಡಿಹಾಕುತ್ತದೆ, ಅಷ್ಟೇ. ಆ ಗಟ್ಟಿ ನೀರನ್ನು ಆವಿಯಾಗಿಸಬೇಕು, ಉಳಿದ ಉಪ್ಪನ್ನು ಅಧಿಕೃತ ವಿಲೇವಾರಿ ಜಾಗಕ್ಕೆ ಸಾಗಿಸಬೇಕು. ಲೇಸರ್‌ಗೆ ಆರೋಗ್ಯದಲ್ಲಿ 8 ಬಂದದ್ದು, ಮೊಣಕಾಲಿನ ಬಳಿ ಬಣ್ಣ ತಿಳಿಯಾಗಿಸಲು ಕೈಯಲ್ಲಿ ಉಜ್ಜುವ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸಿಂಪಡಿಸುವ ಕೆಲಸವನ್ನು ಅದು ತಪ್ಪಿಸುತ್ತದೆ ಎಂಬ ಕಾರಣಕ್ಕೆ. ಇದೇ ಪರಿಣಾಮಕ್ಕಾಗಿ ಮರಳು ಎರಚುತ್ತಿದ್ದ ಟರ್ಕಿಯ ಘಟಕಗಳಲ್ಲಿ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾದ ಮೇಲೆ ಆ ದೇಶ 2009ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು.

ಈಗ ತೂಕ ಕೊಡೋಣ: ಖರ್ಚಿಗೆ ಶೇ 40, ನೀರಿನ ಉಳಿತಾಯಕ್ಕೆ 20, ಹೊರಬಿಡುವ ನೀರಿಗೆ 25, ಆರೋಗ್ಯಕ್ಕೆ 15. ಅಂಕವನ್ನು ತೂಕದಿಂದ ಗುಣಿಸಿ ಕೂಡುವ ಸರಳ ವಿಧಾನದಲ್ಲಿ ಲೇಸರ್‌ಗೆ 6.00, ಆರ್‌ಒಗೆ 5.85, ಕನಿಷ್ಠಕ್ಕೆ 5.55 ಬರುತ್ತದೆ. ಗೆದ್ದದ್ದು ಲೇಸರ್. ಅದೇ ಅಂಕ, ಅದೇ ತೂಕವನ್ನು ಟಾಪ್ಸಿಸ್‌ಗೆ ಹಾಕಿದರೆ ಕನಿಷ್ಠ ದಾರಿಗೆ 0.59, ಆರ್‌ಒಗೆ 0.45, ಲೇಸರ್‌ಗೆ 0.41. ಮೊದಲನೆಯದು ಕೊನೆಗೆ ಹೋಯಿತು, ಕೊನೆಯದು ಮೊದಲಿಗೆ ಬಂತು. ವಿಕೋರ್‌ಗೆ ಹಾಕಿ ನೋಡಿ. ಅಲ್ಲಿ ಕಡಿಮೆ ಅಂಕವೇ ಒಳ್ಳೆಯದು, ಆರ್‌ಒಗೆ 0.25, ಉಳಿದೆರಡಕ್ಕೂ ತಲಾ 0.50. ಈ ಬಾರಿ ಮುಂದೆ ಬಂದದ್ದು ಆರ್‌ಒ.

ಮೂರು ಮಾದರಿ, ಮೂರು ಉತ್ತರ. ಯಾವುದರಲ್ಲೂ ಲೆಕ್ಕದ ತಪ್ಪಿಲ್ಲ.

ಮಾದರಿಯ ಸ್ವಭಾವ

ಪ್ರತಿ ಮಾದರಿಗೂ ತನ್ನದೇ ಒಂದು ಸ್ವಭಾವವಿದೆ. ಹೋಲಿಕೆ ಮಾಡುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಗಣಿತ ಎಷ್ಟು ಕಠಿಣ ಎಂಬುದು ಆಮೇಲಿನ ಮಾತು.

ತೂಕದ ಮೊತ್ತ ಹಳೆಯ ವಿಧಾನ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಇದರ ಬೀಜವಿದೆ: ಹಾಳೆಯ ಒಂದು ಬದಿಗೆ ಪರ, ಇನ್ನೊಂದು ಬದಿಗೆ ವಿರೋಧ ಬರೆದು, ಸಮ ತೂಗುವವನ್ನು ಹೊಡೆದುಹಾಕುತ್ತ ಹೋಗಿ ಎಂದಿದ್ದ. ಇದರ ಸ್ವಭಾವ ವ್ಯಾಪಾರಿಯದು. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಪಡೆದರೆ ಅದಕ್ಕೆ ತಕರಾರಿಲ್ಲ. ಇದರ ದೊಡ್ಡ ಗುಣವೆಂದರೆ ಪಾರದರ್ಶಕತೆ; ಕ್ಯಾಲ್ಕ್ಯುಲೇಟರ್ ಇರುವ ಯಾರು ಬೇಕಾದರೂ ಪರೀಕ್ಷಿಸಬಹುದು.

ಟಾಪ್ಸಿಸ್ ಅನ್ನು 1981ರಲ್ಲಿ ಹ್ವಾಂಗ್ ಮತ್ತು ಯೂನ್ ಮಂಡಿಸಿದರು. ಪ್ರತಿ ಮಾನದಂಡದ ಅತ್ಯುತ್ತಮವನ್ನು ಸೇರಿಸಿ ಒಂದು ಆದರ್ಶ ಬಿಂದು, ಅತಿ ಕೆಟ್ಟದ್ದನ್ನು ಸೇರಿಸಿ ಒಂದು ಹೀನ ಬಿಂದು ಮಾಡಿಕೊಂಡು, ಯಾವ ಆಯ್ಕೆ ಮೊದಲನೆಯದಕ್ಕೆ ಹತ್ತಿರ, ಎರಡನೆಯದಕ್ಕೆ ದೂರ ಎಂದು ಅಳೆಯುತ್ತದೆ. ದೂರವನ್ನು ಅಳೆಯುವಾಗ ವ್ಯತ್ಯಾಸಗಳನ್ನು ವರ್ಗ ಮಾಡುವುದರಿಂದ ದೊಡ್ಡ ವ್ಯತ್ಯಾಸಗಳಿಗೆ ಇನ್ನಷ್ಟು ಬಲ ಬರುತ್ತದೆ. ನಮ್ಮ ಕೋಷ್ಟಕದಲ್ಲಿ ಖರ್ಚಿನ ಅಂಕ 3ರಿಂದ 9ರವರೆಗೆ ಚಾಚಿದೆ, ತೂಕವೂ ಅದಕ್ಕೇ ಹೆಚ್ಚು. ಹಾಗಾಗಿ ಅಗ್ಗದ ದಾರಿ ಇಲ್ಲಿ ಮುಂದೆ ನುಗ್ಗಿತು. ಒಂದೇ ವಿಷಯದಲ್ಲಿ ಮಿಂಚುವವನನ್ನು ಇದು ಮೆಚ್ಚುತ್ತದೆ. ಸುಸ್ಥಿರತೆಯ ಪ್ರಬಂಧಗಳಲ್ಲಿ ಇದನ್ನು ಎಲ್ಲೆಂದರಲ್ಲಿ ಬಳಸುತ್ತಾರೆ. ಬಳಸಲು ಸುಲಭ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಸೆರಾಫಿಮ್ ಒಪ್ರಿಕೊವಿಚ್ ರೂಪಿಸಿದ ವಿಕೋರ್‌ನದು ರಾಜಿಯ ಸ್ವಭಾವ. ಒಟ್ಟು ಕೊರತೆ ಎಷ್ಟು, ಒಂದೇ ಮಾನದಂಡದಲ್ಲಿ ಆಗುವ ಅತಿ ದೊಡ್ಡ ಕೊರತೆ ಎಷ್ಟು, ಎರಡನ್ನೂ ಅದು ನೋಡುತ್ತದೆ. ನಮ್ಮಲ್ಲಿ ಲೇಸರ್‌ನ ಒಟ್ಟು ಕೊರತೆ ಅತಿ ಕಡಿಮೆ, ಆದರೆ ಖರ್ಚಿನಲ್ಲಿ ಅದರ ಕೊರತೆ ಅತಿ ದೊಡ್ಡದು. ಎಲ್ಲರ ಕಣ್ಣಿಗೂ ಸುಮಾರಾಗಿ ಕಾಣುವ ಆರ್‌ಒ ಮುಂದೆ ಬಂದದ್ದು ಹೀಗೆ. ಒಂದು ಎಚ್ಚರಿಕೆ ಇದೆ. ವಿಕೋರ್‌ನ ಮೂಲ ನಿಯಮದ ಪ್ರಕಾರ ಮೊದಲನೆಯ ಮತ್ತು ಎರಡನೆಯ ಸ್ಥಾನಗಳ ನಡುವೆ ಸಾಕಷ್ಟು ಅಂತರ ಇರಲೇಬೇಕು. ಮೂರು ಆಯ್ಕೆಗಳಿದ್ದಾಗ ಆ ಅಂತರ 0.50, ನಮ್ಮಲ್ಲಿರುವುದು 0.25. ಅಂದರೆ ವಿಕೋರ್ ಪ್ರಾಮಾಣಿಕವಾಗಿ ಹೇಳಬೇಕಾದದ್ದು ಇಷ್ಟು: ಆರ್‌ಒ ಮುಂದಿದೆ, ಆದರೆ ಮೂರನ್ನೂ ಮೇಜಿನ ಮೇಲಿಂದ ತೆಗೆಯಬೇಡಿ. ಅನೇಕ ವರದಿಗಳು ಈ ನಿಯಮವನ್ನು ನುಂಗಿ ಮೊದಲ ಸ್ಥಾನವನ್ನಷ್ಟೇ ಮುದ್ರಿಸುತ್ತವೆ. ನಿಮ್ಮ ಕೈಗೆ ವಿಕೋರ್ ವರದಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಮೊದಲು ಹೊಸ್ತಿಲು

ಇನ್ನೊಂದು ದೋಷ ಮೂರಕ್ಕೂ ಸಮಾನ. ಮೂರೂ ಕೊಳೆನೀರನ್ನು ಅಗ್ಗದ ಬೆಲೆಯಿಂದ ತೊಳೆಯಲು ಬಿಡುತ್ತವೆ. ಹೊರಬಿಡುವ ನೀರಿಗೆ 3 ಅಂಕ ಪಡೆದ ಕನಿಷ್ಠ ದಾರಿ ಪಟ್ಟಿಯಲ್ಲಿ ಇರುವುದೇ ತಪ್ಪು, ಅದು ಗೆಲ್ಲುವ ಮಾತು ಹಾಗಿರಲಿ.

ಕಾನೂನಿಗೆ ತೂಕ ಕೊಡಲು ಬರುವುದಿಲ್ಲ. ಜವಳಿ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಹೊರಬಿಡುವ ನೀರಿನ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆಸಬಲ್ಲ ಕೊಳೆಯ ಅಳತೆ) ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಅಳೆಯುವ ಒಟ್ಟು ಕೊಳೆ) 250, ಕರಗಿದ ಒಟ್ಟು ಲವಣಾಂಶ 2,100 ಮಿಲಿಗ್ರಾಂ ಎಂಬ ಮಿತಿಗಳಿವೆ. ಸಿಒಡಿ 400 ಬಂದಾಗ "ನಮ್ಮ ವಿದ್ಯುತ್ ಬಿಲ್ ಕಡಿಮೆ ಇದೆಯಲ್ಲ" ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪುತ್ತದೆಯೇ? ಅಂಕದ ಹಾಳೆ ಒಪ್ಪುತ್ತದೆ. ಅದಕ್ಕೇ ಯಾವ ಮಾದರಿ ಹಿಡಿದರೂ ಮೊದಲು ಒಂದು ಹೊಸ್ತಿಲು ಹಾಕಿ. ಕಾನೂನಿನ ಮಿತಿ, ಕಾರ್ಮಿಕರ ಜೀವಕ್ಕೆ ಅಪಾಯ, ಕೊಳವೆಬಾವಿಯ ನೀರಿಗೆ ಕುತ್ತು, ಇವುಗಳಲ್ಲಿ ನಪಾಸಾದದ್ದನ್ನು ಅಂಕದ ಹಾಳೆಗೆ ಸೇರಿಸಲೇಬೇಡಿ. ಅರ್ಥಶಾಸ್ತ್ರಕ್ಕೆ 1978ರಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಇದಕ್ಕೆ ಹತ್ತಿರದ ಮಾತು ಹೇಳಿದ್ದರು: ಜನ ನಿಜಜೀವನದಲ್ಲಿ ಅತ್ಯುತ್ತಮವನ್ನು ಹುಡುಕುವುದಿಲ್ಲ, ಸಾಕೆನಿಸುವ ಮಟ್ಟ ಮುಟ್ಟಿದ್ದನ್ನು ಆರಿಸುತ್ತಾರೆ.

ನಮ್ಮ ಕೋಷ್ಟಕದಲ್ಲಿ ಹೊರಬಿಡುವ ನೀರಿಗೆ ಕನಿಷ್ಠ 5 ಎಂದು ಹೊಸ್ತಿಲು ಹಾಕಿದರೆ ಮೊದಲ ದಾರಿ ಬಿತ್ತು. ಉಳಿದವು ಆರ್‌ಒ ಮತ್ತು ಲೇಸರ್. ಈಗ ನಡೆಯುವ ಚರ್ಚೆಗೆ ಬೆಲೆಯಿದೆ.

ಒಂದು ಪುಟ್ಟ ಸೂಕ್ಷ್ಮ: ಟಾಪ್ಸಿಸ್, ಎಎಚ್‌ಪಿ ಎರಡರಲ್ಲೂ ಪಟ್ಟಿಯಿಂದ ಒಂದು ಆಯ್ಕೆಯನ್ನು ತೆಗೆದರೆ, ಅಥವಾ ಸೇರಿಸಿದರೆ, ಉಳಿದವುಗಳ ನಡುವಿನ ಕ್ರಮವೇ ತಿರುಗಬಹುದು. ಎಎಚ್‌ಪಿ ಬಗ್ಗೆ 1983ರಲ್ಲಿ ಬೆಲ್ಟನ್ ಮತ್ತು ಗಿಯರ್ ಇದನ್ನು ಎತ್ತಿ ತೋರಿಸಿದರು. ಗೆಲ್ಲಲಾರದ ಒಂದು ಕೊಟೇಶನ್ನನ್ನು ಬೇಕೆಂದೇ ಪಟ್ಟಿಗೆ ಸೇರಿಸಿ ತನಗೆ ಬೇಕಾದವನನ್ನು ಮೇಲೆ ತರುವ ಖರೀದಿ ಅಧಿಕಾರಿಗೆ ಇದು ವರದಾನ. ಹೊಸ್ತಿಲನ್ನು ಮೊದಲೇ ಹಾಕಿ ಬರೆದಿಟ್ಟರೆ ಆ ಆಟಕ್ಕೆ ಅವಕಾಶ ಕಡಿಮೆ.

ತೂಕ ಯಾರು ಕೊಡಬೇಕು, ಹೇಗೆ?

ಖರ್ಚಿಗೆ ಶೇ 40 ಎಂದು ಎಲ್ಲಿಂದ ಬಂತು? ನಿಜವಾದ ಜಗಳ ಇರುವುದು ಇಲ್ಲಿ. ಖರ್ಚಿಗೆ 40ರ ಬದಲು 50 ಕೊಟ್ಟು, ಹೊರಬಿಡುವ ನೀರಿಗೆ 20, ಆರೋಗ್ಯಕ್ಕೆ 10 ಮಾಡಿ ನೋಡಿ: ಸರಳ ಮೊತ್ತದಲ್ಲೂ ಕನಿಷ್ಠಕ್ಕೆ 6.1, ಆರ್‌ಒಗೆ 5.8, ಲೇಸರ್‌ಗೆ 5.5 ಬಂದು ಇಡೀ ಕ್ರಮ ತಲೆಕೆಳಗಾಗುತ್ತದೆ. ಹತ್ತು ಅಂಶಗಳಷ್ಟು ತೂಕ ಅತ್ತಿಂದಿತ್ತ ಸರಿದದ್ದಕ್ಕೇ ಇಷ್ಟು.

ತೂಕ ಪಡೆಯಲು ಹೆಚ್ಚು ಹೆಸರಾದ ದಾರಿ ಎಎಚ್‌ಪಿ. ಥಾಮಸ್ ಸಾಟಿ 1970ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಎರಡೆರಡನ್ನು ಜೊತೆ ಮಾಡಿ "ಇದು ಅದಕ್ಕಿಂತ ಎಷ್ಟು ಪಟ್ಟು ಮುಖ್ಯ?" ಎಂದು 1ರಿಂದ 9ರ ಅಳತೆಯಲ್ಲಿ ಕೇಳುತ್ತಾರೆ. ಇದರ ನಿಜವಾದ ಬೆಲೆ ಇರುವುದು ಅದು ಕೊಡುವ ತೂಕಕ್ಕಿಂತ, ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹಿಡಿಯುವ ಪರೀಕ್ಷೆಯಲ್ಲಿ. ಮಾಲೀಕ ಹೇಳುತ್ತಾನೆ: ಖರ್ಚು ನೀರಿಗಿಂತ 3 ಪಟ್ಟು ಮುಖ್ಯ, ನೀರು ಕಾರ್ಮಿಕರ ಆರೋಗ್ಯಕ್ಕಿಂತ 2 ಪಟ್ಟು ಮುಖ್ಯ. ಹಾಗಾದರೆ ಖರ್ಚು ಆರೋಗ್ಯಕ್ಕಿಂತ 6 ಪಟ್ಟು ಮುಖ್ಯವಾಗಬೇಕು. ನೇರವಾಗಿ ಕೇಳಿದಾಗ ಆತ 6 ಎನ್ನಲು ಹಿಂಜರಿದು 2 ಎನ್ನುತ್ತಾನೆ. ಅಸಂಗತಿಯ ಅನುಪಾತ 0.117 ಬರುತ್ತದೆ, ಸಾಟಿ ಒಪ್ಪುವ ಮಿತಿ 0.10. 3 ಎಂದಿದ್ದರೆ 0.046 ಬಂದು ಪಾಸಾಗುತ್ತಿತ್ತು. ಇಲ್ಲಿ ಸಲಹೆಗಾರ ಅಂಕಿಯನ್ನು ಸದ್ದಿಲ್ಲದೆ 3ಕ್ಕೆ ತಿದ್ದಿ ಮುಂದೆ ಹೋಗಬಾರದು. ಆತ 6 ಎನ್ನಲು ಏಕೆ ಹಿಂಜರಿದ? ಕಾರ್ಮಿಕರ ಆರೋಗ್ಯ ತಾನು ಬಾಯಲ್ಲಿ ಹೇಳಿದ್ದಕ್ಕಿಂತ ಮುಖ್ಯ ಎಂದು ಆತನಿಗೆ ಗೊತ್ತಿದೆ. ಆ ಹಿಂಜರಿಕೆಯನ್ನೇ ಹಿಡಿದು ಮಾತಾಡಿಸಬೇಕು.

ಎಎಚ್‌ಪಿಯ ಕಷ್ಟ ಸಂಖ್ಯೆಯದು. ಎಂಟು ಮಾನದಂಡಗಳಿದ್ದರೆ 28 ಜೋಡಿಗಳನ್ನು ಕೇಳಬೇಕು. ಪಾಳಿ ಮುಗಿಸಿ ಬಂದ ಸೂಪರ್‌ವೈಸರ್ ಹತ್ತನೆಯ ಪ್ರಶ್ನೆಯ ಹೊತ್ತಿಗೆ ಎಲ್ಲದಕ್ಕೂ 3 ಎನ್ನತೊಡಗುತ್ತಾನೆ. ಜಾಫರ್ ರೆಝಾಯಿ 2015ರಲ್ಲಿ ಮಂಡಿಸಿದ ಬೆಸ್ಟ್-ವರ್ಸ್ಟ್ ವಿಧಾನದಲ್ಲಿ ಅತಿ ಮುಖ್ಯವಾದದ್ದು ಯಾವುದು, ಅತಿ ಕಡಿಮೆ ಮುಖ್ಯವಾದದ್ದು ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡು, ಉಳಿದವನ್ನು ಆ ಎರಡರ ಜೊತೆ ಮಾತ್ರ ಹೋಲಿಸುತ್ತಾರೆ. ಎಂಟಕ್ಕೆ 13 ಪ್ರಶ್ನೆ ಸಾಕು. ಐದು ಮಾನದಂಡಗಳವರೆಗೆ ಎಎಚ್‌ಪಿ, ಅದರಾಚೆಗೆ ಬೆಸ್ಟ್-ವರ್ಸ್ಟ್ ಎಂಬುದು ನನ್ನ ಪಾಲಿನ ನಿಯಮ.

ಎಂಟ್ರೊಪಿ ತೂಕ ಎಂಬ ಮೂರನೆಯದೊಂದಿದೆ. ಅದು ಯಾರನ್ನೂ ಕೇಳುವುದಿಲ್ಲ. ಯಾವ ಕಾಲಮ್ಮಿನಲ್ಲಿ ಆಯ್ಕೆಗಳ ನಡುವೆ ಹೆಚ್ಚು ವ್ಯತ್ಯಾಸವಿದೆಯೋ ಅದಕ್ಕೆ ಹೆಚ್ಚು ತೂಕ ಕೊಡುತ್ತದೆ. ವಸ್ತುನಿಷ್ಠ ಎಂದು ಇದನ್ನು ಹೊಗಳುವವರಿದ್ದಾರೆ. ಮೂರೂ ಯಂತ್ರಗಳು ಕಾರ್ಮಿಕರ ಶ್ವಾಸಕೋಶಕ್ಕೆ ಒಂದೇ ಸಮನಾಗಿ ಹಾನಿ ಮಾಡುತ್ತಿದ್ದರೆ ಆರೋಗ್ಯಕ್ಕೆ ಇದು ಕೊಡುವ ತೂಕ ಸೊನ್ನೆ. ಪ್ರಯೋಗಾಲಯದ ಸ್ಯಾಂಪಲ್‌ಗಳನ್ನು ವಿಂಗಡಿಸಲು ಸರಿ, ಊರಿನ ಪಕ್ಕದ ಕಾರ್ಖಾನೆಗೆ ಬೇಡ.

ಮಾದರಿಯೇ ಬೇಡದ ಕಡೆ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಅಕ್ಕಿ ಗಿರಣಿಯವರು ಚಾವಣಿಯ ಮೇಲೆ ಸೌರಫಲಕ ಹಾಕಬೇಕೆ ಎಂದು ಕೇಳಿದರೆ ಎಎಚ್‌ಪಿ ತೆರೆಯುವುದು ಗುಡ್ಡ ಅಗೆದು ಇಲಿ ಹಿಡಿದಂತೆ. ಅಲ್ಲಿ ಬೇಕಾದದ್ದು ಜೀವಿತಾವಧಿ ವೆಚ್ಚದ ಲೆಕ್ಕ: ಹೂಡಿಕೆ, ಬಡ್ಡಿ, ನಿರ್ವಹಣೆ, ಉಳಿಯುವ ಬಿಲ್, ಫಲಕ ಎಷ್ಟು ವರ್ಷ ಬಾಳುತ್ತದೆ. ಹಣದಲ್ಲಿ ಅಳೆಯಲು ಬರುವುದನ್ನು ಹಣದಲ್ಲೇ ಅಳೆಯಿರಿ.

ಕುಸುಬಲಕ್ಕಿ ಗಿರಣಿಯ ಬಾಯ್ಲರ್ ವಿಚಾರದಲ್ಲೂ ಬಹುಪಾಲು ಹೀಗೆಯೇ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು ಮನೆಯಲ್ಲೇ ಸಿಗುವ ಇಂಧನ. ಅದನ್ನು ಸುಟ್ಟರೆ ಐದರಲ್ಲಿ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಬೂದಿಯ ವಿಲೇವಾರಿಯನ್ನು ಖರ್ಚಿನ ಸಾಲಿಗೆ ಸೇರಿಸಲು ಮರೆಯದಿದ್ದರೆ ಅರ್ಧ ಕೆಲಸ ಮುಗಿದಂತೆ.

ಗಿರಣಿಯವರ ನಿಜವಾದ ಸಂಕಟ ಬೇರೆ. ಯಂತ್ರದ ಗಾತ್ರ ನಿರ್ಧರಿಸುವುದು ಕಾಲುವೆಯ ನೀರು, ಒಂದು ಬೆಳೆಯೋ ಎರಡು ಬೆಳೆಯೋ ಎಂಬುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮೂರು ಜಿಲ್ಲೆಗಳ ಗಿರಣಿ ಮಾಲೀಕರ ಎದೆಯೂ ಹೊಡೆದುಕೊಂಡಿತ್ತು. ಇಂಥ ಅನಿಶ್ಚಿತತೆಗೆ ತೂಕ, ಅಂಕಗಳ ಮಾದರಿ ಉಪಯೋಗವಿಲ್ಲ. ಬೇಕಾದದ್ದು ಸನ್ನಿವೇಶಗಳ ಹೋಲಿಕೆ. ದೊಡ್ಡ ಯಂತ್ರ ಎರಡು ಬೆಳೆಯ ವರ್ಷ 40 ಲಕ್ಷ ಲಾಭ ಕೊಟ್ಟು ಒಂದೇ ಬೆಳೆಯಾದರೆ 5 ಲಕ್ಷ ನಷ್ಟ ಮಾಡುತ್ತದೆ, ಚಿಕ್ಕ ಯಂತ್ರ ಕ್ರಮವಾಗಿ 24 ಲಕ್ಷ ಮತ್ತು 9 ಲಕ್ಷ ಲಾಭ ಕೊಡುತ್ತದೆ ಎಂದುಕೊಳ್ಳಿ. ಅತಿ ಕೆಟ್ಟ ವರ್ಷದಲ್ಲಿ ಯಾವುದು ವಾಸಿ ಎಂದು ನೋಡುವ ವಾಲ್ಡ್‌ನ ಮ್ಯಾಕ್ಸಿಮಿನ್ ಸೂತ್ರ ಚಿಕ್ಕದನ್ನು ಆರಿಸುತ್ತದೆ. "ಅಯ್ಯೋ, ಅದನ್ನು ಮಾಡಬೇಕಿತ್ತು" ಎಂಬ ಪಶ್ಚಾತ್ತಾಪವನ್ನು ಕನಿಷ್ಠಗೊಳಿಸುವ ಸ್ಯಾವೇಜ್ ಸೂತ್ರ ದೊಡ್ಡದನ್ನು ಆರಿಸುತ್ತದೆ: ದೊಡ್ಡದು ತಂದವನ ಗರಿಷ್ಠ ಪಶ್ಚಾತ್ತಾಪ 14 ಲಕ್ಷ, ಚಿಕ್ಕದು ತಂದವನದು 16 ಲಕ್ಷ. ಸಾಲದ ಕಂತು ಕಟ್ಟುತ್ತಿರುವವರು ಮ್ಯಾಕ್ಸಿಮಿನ್ ಹಿಡಿಯಲಿ. ಒಂದು ನಷ್ಟದ ವರ್ಷವನ್ನು ಕೈಯಿಂದ ತುಂಬಿಕೊಡಬಲ್ಲವರಿಗೆ ಮಾತ್ರ ಸ್ಯಾವೇಜ್.

ಊರೂ ಪಾಲುದಾರನಾದಾಗ

ಕೊಪ್ಪಳದ ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆಯುವ ಕಬ್ಬಿಣ) ಕಾರ್ಖಾನೆಗಳ ವಿಷಯ ಮೇಲಿನ ಯಾವುದಕ್ಕೂ ಹೊಂದುವುದಿಲ್ಲ. ಇಲ್ಲಿ ನಿರ್ಧಾರದ ಪರಿಣಾಮ ಅನುಭವಿಸುವವರು ಮಾಲೀಕರು ಮಾತ್ರವಲ್ಲ. ಬೆಳೆಯ ಮೇಲೆ, ಮನೆಯ ಮೇಲೆ ಕರಿಧೂಳು ಕೂರುತ್ತದೆ ಎಂಬ ಹಳ್ಳಿಗಳ ದೂರು ಹಳೆಯದು.

ಇಂಥಲ್ಲಿ ಎಲ್ಲರ ತೂಕವನ್ನೂ ಸೇರಿಸಿ ಸರಾಸರಿ ತೆಗೆಯುವುದು ದೊಡ್ಡ ಅನ್ಯಾಯ. ಕಾರ್ಖಾನೆಯವರು ಧೂಳಿಗೆ ಶೇ 10 ಕೊಡುತ್ತಾರೆ, ಊರಿನವರು 70 ಕೊಡುತ್ತಾರೆ. ಸರಾಸರಿ 40 ಎಂದರೆ ಅದು ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಇಲ್ಲಿ ನಾನು ಸೂಚಿಸುವುದು ಫ್ರಾನ್ಸಿನ ಬರ್ನಾರ್ಡ್ ರುವಾ 1960ರ ದಶಕದಲ್ಲಿ ಆರಂಭಿಸಿದ ಎಲೆಕ್ಟ್ರ ಕುಟುಂಬದ ವಿಧಾನಗಳನ್ನು. ಅವು ಅಂಕಗಳನ್ನು ಕೂಡುವುದಿಲ್ಲ. "ಈ ಆಯ್ಕೆ ಆ ಆಯ್ಕೆಗಿಂತ ಕಡಿಮೆಯಿಲ್ಲ ಎನ್ನಲು ಎಷ್ಟು ಮಾನದಂಡಗಳ ಒಪ್ಪಿಗೆಯಿದೆ? ಯಾವುದಾದರೂ ಒಂದರ ವಿರೋಧ ತಡೆಯಲಾಗದಷ್ಟು ಬಲವಾಗಿದೆಯೇ?" ಎಂದು ಕೇಳುತ್ತವೆ. ಎರಡನೆಯ ಪ್ರಶ್ನೆಯೇ ವೀಟೊ. ಧೂಳಿನಲ್ಲಿ ಇಷ್ಟಕ್ಕಿಂತ ಹಿಂದೆ ಬಿದ್ದ ಆಯ್ಕೆ ಉಳಿದೆಲ್ಲದರಲ್ಲಿ ಮೊದಲಾದರೂ ಮೇಲೇಳದು. ಊರಿನವರಿಗೆ ತೂಕದ ಶೇಕಡಾ ಲೆಕ್ಕ ವಿವರಿಸುವುದು ಕಷ್ಟ. "ನಿಮಗೆ ತಡೆಯಲಾಗದ ಮಟ್ಟ ಯಾವುದು?" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

1982ರಲ್ಲಿ ಜಾನ್-ಪಿಯರ್ ಬ್ರಾನ್ಸ್ ಮಂಡಿಸಿದ ಪ್ರೊಮಿಥೀ ಇದೇ ಜಾತಿಯದು, ಕಲಿಯಲು ಹೆಚ್ಚು ಸುಲಭ. ಎಷ್ಟು ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದು ಹೇಳಲು ಅದರಲ್ಲಿ ಜಾಗವಿದೆ. ಎರಡು ಯಂತ್ರಗಳ ಬೆಲೆಯಲ್ಲಿ ಶೇ 1ರ ವ್ಯತ್ಯಾಸವಿದ್ದರೆ ಅದಕ್ಕೊಂದು ಅಂಕ ಕೊಡುವ ಹುಚ್ಚು ಅಲ್ಲಿಲ್ಲ. ಆದರೆ ವೀಟೊ ಅದರಲ್ಲಿ ಸಹಜವಾಗಿ ಬರುವುದಿಲ್ಲ, ಹೊಸ್ತಿಲನ್ನು ನೀವೇ ಹಾಕಬೇಕು.

ಮಾದರಿಗಿಂತ ಇಲ್ಲಿ ಹೆಚ್ಚು ಕೆಡುವುದು ಮಾನದಂಡ ಬರೆಯುವ ರೀತಿ. ಹೊಗೆಯಿಂದ ಧೂಳು ಹಿಡಿಯುವ ಇಎಸ್‌ಪಿ ಎಂಬ ಯಂತ್ರ "ಇದೆ" ಎಂದರೆ ಹತ್ತಕ್ಕೆ ಹತ್ತು ಕೊಡುವ ಹಾಳೆಗಳನ್ನು ನೋಡಿದ್ದೇನೆ. ಇಎಸ್‌ಪಿ ವಿದ್ಯುತ್ ತಿನ್ನುತ್ತದೆ. ಇದ್ದೂ ರಾತ್ರಿ ಓಡಿಸುವುದಿಲ್ಲ ಎಂಬುದು ಈ ಉದ್ಯಮದ ಬಗ್ಗೆ ದೇಶದ ಹಲವೆಡೆ ಕೇಳಿಬರುವ ಆರೋಪ. ಆದ್ದರಿಂದ ಮಾನದಂಡವನ್ನು "ಕುಲುಮೆ ಉರಿದ ಗಂಟೆಗಳಲ್ಲಿ ಇಎಸ್‌ಪಿ ಓಡಿದ ಗಂಟೆಗಳ ಪಾಲು" ಎಂದು ಬರೆಯಿರಿ. ಪ್ರತ್ಯೇಕ ಮೀಟರ್ ಇದ್ದರೆ ಅಂಕ ತಾನಾಗಿಯೇ ಬರುತ್ತದೆ. ದಿನಕ್ಕೆ 100 ಟನ್ನಿನ ಕುಲುಮೆಯ ಬಿಸಿ ಅನಿಲದಿಂದ ಸುಮಾರು 2 ಮೆಗಾವಾಟ್ ವಿದ್ಯುತ್ ತೆಗೆಯಬಹುದು. ಬಿಸಿಯನ್ನು ಸುಮ್ಮನೆ ಗಾಳಿಗೆ ಬಿಡುವ ಘಟಕಕ್ಕೆ ಇಎಸ್‌ಪಿಯ ಬಿಲ್ ಭಾರವಾದರೆ ಅದರಲ್ಲಿ ಆಶ್ಚರ್ಯವಿಲ್ಲ. ಇಂಥ ಕಾರಣ-ಪರಿಣಾಮದ ಕೊಂಡಿಗಳು ಹೆಚ್ಚಿದ್ದಾಗ, ಆಯ್ಕೆಗೆ ಕೈಹಾಕುವ ಮೊದಲು ಯಾವುದು ಯಾವುದನ್ನು ತಳ್ಳುತ್ತದೆ ಎಂದು ಬಿಡಿಸಿ ತೋರಿಸುವ ಡಿಮಟೆಲ್ ನೆರವಾಗುತ್ತದೆ. ಅದು ಆಯ್ಕೆ ಮಾಡುವ ಮಾದರಿಯಲ್ಲ, ನಕ್ಷೆ ಬಿಡಿಸುವ ಸಾಧನ.

ಉಕ್ಕನ್ನು ಯುರೋಪಿಗೆ ಕಳಿಸುವವರಿಗೆ ಇನ್ನೊಂದು ಮಾತು. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ 2023ರ ಅಕ್ಟೋಬರ್‌ನಿಂದ ವರದಿಯ ಹಂತದಲ್ಲಿತ್ತು, 2026ರ ಜನವರಿ 1ರಿಂದ ಪೂರ್ಣ ಹಂತಕ್ಕೆ ಬಂದಿದೆ. ಕಬ್ಬಿಣ, ಉಕ್ಕು ಎರಡೂ ಅದರಲ್ಲಿವೆ. ಇಂಥವರಿಗೆ ಇಂಗಾಲ ಈಗ ಖರ್ಚು. ಅದನ್ನು ಖರ್ಚಿನ ಕಾಲಮ್ಮಿನಲ್ಲೂ ಪರಿಸರದ ಕಾಲಮ್ಮಿನಲ್ಲೂ ಬರೆದರೆ ಎರಡು ಬಾರಿ ಎಣಿಸಿದಂತಾಗುತ್ತದೆ.

ಬೇಗ ಹೇಳಿ ಮುಗಿಸಬಹುದಾದವು

ಡಿಇಎ ವಿಧಾನವನ್ನು 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಕೊಟ್ಟರು. ಒಂದೇ ಬಗೆಯ ಹಲವು ಘಟಕಗಳಲ್ಲಿ ಕಡಿಮೆ ಒಳಸುರಿಗೆ ಹೆಚ್ಚು ಉತ್ಪಾದನೆ ಯಾವುದು ಕೊಡುತ್ತದೆ ಎಂದು ಹೋಲಿಸಲು ಅದು ಸರಿ, ಹೊಸದೊಂದನ್ನು ಆರಿಸಲು ಅಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವಾಟ್‌ನ ಏಳು ಘಟಕಗಳಿವೆ. ಡಿಇಎಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಆದರೆ ಕಲ್ಲಿದ್ದಲು, ನೀರು ಎಂಬ ಎರಡು ಒಳಸುರಿ, ವಿದ್ಯುತ್ ಎಂಬ ಒಂದು ಉತ್ಪನ್ನ ಇಟ್ಟರೂ ರೂಢಿಯ ನಿಯಮದಂತೆ ಕನಿಷ್ಠ ಒಂಬತ್ತು ಘಟಕ ಬೇಕು. ಘಟಕ ಕಡಿಮೆಯಾದರೆ ಎಲ್ಲವೂ ದಕ್ಷ ಎಂದೇ ಉತ್ತರ ಬರುತ್ತದೆ. ಸಿಂಧನೂರು-ಗಂಗಾವತಿಯ ಗಿರಣಿಗಳ ಗುಂಪಿಗೆ ಇದು ಹೆಚ್ಚು ಹೊಂದುತ್ತದೆ.

ಫಜ್ಜಿ ಎಂಬ ಮುನ್ನುಡಿ ಅಂಟಿಸಿಕೊಂಡ ಮಾದರಿಗಳೆಲ್ಲ ಲೋಟ್ಫಿ ಝಾದೆ ಅವರ 1965ರ ಕಲ್ಪನೆಯ ಮಕ್ಕಳು. "ಸುಮಾರಾಗಿ ಒಳ್ಳೆಯದು" ಎಂಬ ಮಾತಿಗೆ ಒಂದೇ ಅಂಕಿಯ ಬದಲು ಒಂದು ವ್ಯಾಪ್ತಿ ಕೊಡುತ್ತವೆ. ತಜ್ಞರು ಮಾತಿನಲ್ಲೇ ಉತ್ತರಿಸುವಾಗ ಉಪಯೋಗಕ್ಕೆ ಬರುತ್ತವೆ. ಮೀಟರಿನಲ್ಲಿ ಅಳೆಯಬಹುದಾದ ನೀರನ್ನು ಅಳೆಯದೆ "ಮಧ್ಯಮ" ಎಂದು ಬರೆದು ಫಜ್ಜಿ ಮಾಡುವುದು ಸೋಮಾರಿತನಕ್ಕೆ ಗಣಿತದ ಅಂಗಿ ತೊಡಿಸಿದ ಹಾಗೆ.

ಉತ್ತರ ಬಂದ ಮೇಲೆ

ಮತ್ತೆ ಜೀನ್ಸ್ ಘಟಕದ ಲೆಕ್ಕಕ್ಕೆ ಬರೋಣ. ಹೊಸ್ತಿಲು ದಾಟಿದವು ಎರಡು. ಸಣ್ಣ ಘಟಕಕ್ಕೆ ನಾನು ಹೇಳುವ ಕ್ರಮ ಇಷ್ಟೇ: ಹೊಸ್ತಿಲು, ಎಎಚ್‌ಪಿಯಿಂದ ತೂಕ, ಸರಳ ಮೊತ್ತ, ಆಮೇಲೆ ತೂಕವನ್ನು ಅಲ್ಲಾಡಿಸಿ ನೋಡುವುದು. ಟಾಪ್ಸಿಸ್, ವಿಕೋರ್ ಬೇಕಿದ್ದರೆ ಪಕ್ಕದಲ್ಲಿ ಹಾಕಿ ನೋಡಬಹುದು; ಅವು ಬೇರೆ ಉತ್ತರ ಕೊಟ್ಟರೆ ಏಕೆಂದು ಹುಡುಕಬೇಕು, ಬಹುಮತ ಎಣಿಸಬಾರದು.

ಮೇಲೆ ಕೊಟ್ಟ ಎರಡು ತೂಕದ ಪಟ್ಟಿಗಳ ನಡುವೆ ಹಂತ ಹಂತವಾಗಿ ಸರಿಯುತ್ತ ಹೋದರೆ ಆರ್‌ಒ ಮತ್ತು ಲೇಸರ್ ಸಮವಾಗುವುದು ಖರ್ಚಿನ ತೂಕ ಶೇ 43ರ ಆಸುಪಾಸು ಇದ್ದಾಗ. ಅದಕ್ಕಿಂತ ಮೇಲೆ ಆರ್‌ಒ, ಕೆಳಗೆ ಲೇಸರ್. ಪಾಲುದಾರರ ಮುಂದೆ ಇಡಬೇಕಾದದ್ದು ಈ 43 ಎಂಬ ಅಂಕಿಯನ್ನು; 6.00, 5.85 ಎಂಬ ಅಂಕಗಳನ್ನಲ್ಲ. ಆಗ ಕೇಳಬೇಕಾದ ಪ್ರಶ್ನೆಗಳೂ ನೆಲಕ್ಕೆ ಇಳಿಯುತ್ತವೆ: ಲೇಸರ್ ಯಂತ್ರ ಕೆಟ್ಟರೆ ರಿಪೇರಿಯವನು ಬೆಂಗಳೂರಿನಿಂದ ಬರಬೇಕೆ, ಎಷ್ಟು ದಿನ ಕೆಲಸ ನಿಲ್ಲುತ್ತದೆ? ದೊಡ್ಡ ಬ್ರ್ಯಾಂಡ್‌ಗಳ ಆರ್ಡರ್ ಹಿಡಿಯುವ ಯೋಚನೆ ಇದೆಯೇ, ಇದ್ದರೆ ಅವರು ಪರ್ಮ್ಯಾಂಗನೇಟ್ ಸಿಂಪಡಣೆ ಒಪ್ಪುತ್ತಾರೆಯೇ? ಆರ್‌ಒ ಪೊರೆ ಬದಲಿಸುವ ಖರ್ಚು ಮತ್ತು ಉಪ್ಪು ಸಾಗಿಸುವ ಬಾಡಿಗೆ ಆ 5 ಅಂಕದಲ್ಲಿ ಸೇರಿತ್ತೇ? ಕೊನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದು ಆರ್‌ಒ ಖರ್ಚಿನ ಅಂಕ 5ರಿಂದ 4ಕ್ಕೆ ಇಳಿದರೆ, ಖರ್ಚಿಗೆ ಶೇ 50 ತೂಕ ಕೊಟ್ಟರೂ ಲೇಸರ್ 5.5, ಆರ್‌ಒ 5.3.